ಮೂರನೆಯ ಚರಣದ ಉಸಿರು

"ಅಯ್ಯನವರೇ, ಗೆದ್ದಲು ತಿಂದುಹಾಕಿದ ಚರಿತ್ರೆಯನ್ನು ನಾನು ಎಲ್ಲಿಂದ ತರಲಿ?"

ಹೀಗೆ ಕೇಳಿದವನು ದೇವಮಿತ್ರ. ನೇಕಾರರ ಊರಿನ ಸಣ್ಣದೊಂದು ಕ್ರೈಸ್ತ ಸಭೆಯಲ್ಲಿ ಹುಟ್ಟಿ ಬೆಳೆದು, ದೂರದ ಪಟ್ಟಣದಲ್ಲಿ ದೈವಶಾಸ್ತ್ರ ಓದಿ, ಹೋದ ವರ್ಷ ಅದೇ ಸಭೆಗೆ ಉಪದೇಶಿಯಾಗಿ ಮರಳಿದವನು. ಕೇಳಿಸಿಕೊಂಡವರು ಅವನ ಗುರು ಯೋನಾತಾನ ಅಯ್ಯನವರು. ಅವರೂ ಅಲ್ಲಿಯವರೇ. ಬಹುಕಾಲ ಆ ಸಭೆಯನ್ನು ನಡೆಸಿ, ಈಗ ಕಣ್ಣು ಮಂಜಾಗಿ ಮನೆಯಲ್ಲಿ ಕುಳಿತಿದ್ದರು.

ಬರುವ ಭಾನುವಾರ ಸಭೆಗೆ ನೂರು ವರ್ಷ ತುಂಬುತ್ತಿತ್ತು. ಅಂದು ಎಲ್ಲರ ಮುಂದೆ ನಿಂತು ಸಭೆಯ ಚರಿತ್ರೆ ಓದಬೇಕಾದವನು ದೇವಮಿತ್ರ. ಹಳೆಯ ಪೆಟ್ಟಿಗೆ ತೆಗೆದು ನೋಡಿದರೆ ದೀಕ್ಷಾಸ್ನಾನದ ಪುಸ್ತಕವಿಲ್ಲ, ಮದುವೆಯ ಪುಸ್ತಕವಿಲ್ಲ, ಮುಟ್ಟಿದಲ್ಲೆಲ್ಲ ಮಣ್ಣು. ಅವನ ಕೈಯಲ್ಲಿದ್ದ ಕಾಗದ ಖಾಲಿಯಾಗಿಯೇ ಇತ್ತು.

"ಅದೂ ಹೋಗಲಿ ಎಂದರೆ, ನಮ್ಮವರಿಗೆ ನೆಟ್ಟಗೆ ಹಾಡಲಿಕ್ಕೂ ಬರುವುದಿಲ್ಲ" ಎಂದು ಅವನು ಅಲವತ್ತುಕೊಂಡ. "ಆ ಹಳೆಯ ಕೀರ್ತನೆಯ ಮೂರನೆಯ ಚರಣದಲ್ಲಿ, ಸಾಲಿನ ನಟ್ಟನಡುವೆ, ಎಲ್ಲರೂ ಗಪ್ಪನೆ ನಿಂತುಬಿಡುತ್ತಾರೆ. ತಾಳ ಕೆಟ್ಟು ಹಾಳಾಗುತ್ತದೆ. ಯಾಕೆ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಹೊರಗಿನಿಂದ ಬಂದವರು ಮುಸಿಮುಸಿ ನಗುತ್ತಾರೆ. ಒಂದು ತಿಂಗಳಿಂದ ತಿದ್ದುತ್ತಿದ್ದೇನೆ. ಈ ಭಾನುವಾರ ಎಲ್ಲೂ ನಿಲ್ಲದೆ ಹಾಡಿಸಿಯೇ ತೀರುತ್ತೇನೆ."

"ಭೇಷ್! ತಿದ್ದಪ್ಪಾ, ಚೆನ್ನಾಗಿ ತಿದ್ದು" ಎಂದರು ಅಯ್ಯನವರು. "ಅದಕ್ಕೆ ಮೊದಲು ಒಂದು ಕತೆ ಕೇಳು."

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನು ಕ್ರಿಸ್ತನನ್ನು ನಂಬಿದ. ಒಡಹುಟ್ಟಿದ ಅಣ್ಣ ಅಂದೇ ಅವನೊಡನೆ ಮಾತು ಬಿಟ್ಟ. ಇಬ್ಬರ ಮಗ್ಗಗಳ ನಡುವೆ ಇದ್ದದ್ದು ಒಂದೇ ಗೋಡೆ. ಇತ್ತ ಲಾಳಿ ಓಡಿದರೆ ಅತ್ತ ಕೇಳಿಸುತ್ತಿತ್ತು. ಆದರೂ ಅಣ್ಣ ಒಂದು ದಿನವೂ ತಮ್ಮನನ್ನು ಹೆಸರು ಹಿಡಿದು ಕರೆಯಲಿಲ್ಲ.

ಇನ್ನೂ ಆರು ಮನೆಯವರು ನೇಕಾರನ ಜೊತೆ ದೀಕ್ಷಾಸ್ನಾನಕ್ಕೆ ಒಪ್ಪಿಕೊಂಡರು. ದೂರದಿಂದ ಪಾದ್ರಿ ಕುದುರೆ ಏರಿ ಬಂದ. ಗೊತ್ತಾದ ದಿನ ಬೆಳಗ್ಗೆ ಎಲ್ಲರೂ ಕೆರೆಯ ದಂಡೆಯಲ್ಲಿ ಸೇರಿದರು. ಒಂದು ಮನೆಯವರು ಮಾತ್ರ ಬರಲಿಲ್ಲ. ಆ ಮನೆಯ ಹೆಂಗಸು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತಿ ಹೊಟ್ಟೆ ಹೊರೆಯುವವಳು. ಊರು ತನಗೆ ಕೆಲಸ ಕೊಡುವುದಿಲ್ಲ ಎಂಬ ಹೆದರಿಕೆ ಅವಳನ್ನು ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿತ್ತು.

ಪಾದ್ರಿಗೆ ಅವಸರ. ಮುಂದಿನ ಊರಿಗೆ ಹೋಗಬೇಕು. ನೇಕಾರ ಅವನ ಕುದುರೆಯ ಲಗಾಮು ಹಿಡಿದುಕೊಂಡು, "ಇನ್ನೊಂದೀಟು ಕಾಯೋಣ್ರಿ ಅಯ್ಯನವರ. ಹೆದರ್ಯಾರ, ಆದ್ರ ಬರ್ತಾರ" ಎಂದ. ಬಿಸಿಲು ನೆತ್ತಿಗೇರಿತು, ನೆತ್ತಿಯಿಂದ ಇಳಿಯಿತು. ಹೊತ್ತು ಮುಳುಗುವ ಮುಂಚೆ ಆ ಹೆಂಗಸು ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ಬಂದಳು. ಏಳು ಮನೆಯವರೂ ಒಟ್ಟಿಗೆ ನೀರಿಗಿಳಿದರು. ಸಭೆ ಹುಟ್ಟಿದ್ದು ಹೀಗೆ.

ನೇಕಾರನ ಮನೆಯಲ್ಲಿ, ಮಗ್ಗದ ಪಕ್ಕದಲ್ಲೇ ಆರಾಧನೆ ನಡೆಯುತ್ತಿತ್ತು. ಹಾಡಿನ ಪುಸ್ತಕ ಒಂದೇ. ಓದಲು ಬರುತ್ತಿದ್ದವನೂ ಅವನೊಬ್ಬನೇ. ಅವನು ಮುಂದೆ ನಿಂತು ಹಾಡಿಸಿದ, ಉಳಿದವರು ಹಾಡಿದರು. ಹೀಗೆ ಮೂವತ್ತು ವರ್ಷ ಕಳೆಯಿತು. ಅಷ್ಟೂ ವರ್ಷದ ಅರಳೆಯ ಧೂಳು ಅವನ ಎದೆಯಲ್ಲಿ ಕೂತಿತು.

ಒಂದು ಭಾನುವಾರ ಮೂರನೆಯ ಚರಣ ಬಂತು. 'ಬಿದ್ದವನ ಬಳಿ ಬಂದು ಕುಳಿತವನೆ' ಎಂಬುದು ಆ ಸಾಲು. 'ಬಂದು' ಎನ್ನುವಷ್ಟರಲ್ಲಿ ನೇಕಾರನ ಉಸಿರು ತೀರಿತು. ಜನಕ್ಕೆ ತಿಳಿಯಲಿಲ್ಲ, ಅವರು ಮುಂದೆ ಹಾಡಿಕೊಂಡು ಹೋದರು. ಅವನು ಹಿಂದೆ ಉಳಿದ. ಪುಸ್ತಕ ಮುಚ್ಚಿ ಬೆಂಚಿನ ಮೇಲಿಟ್ಟು, "ನಂದು ಮುಗೀತು. ಬ್ಯಾರೆ ಯಾರನ್ನರ ನಿಲ್ಲಿಸಿಕೊಳ್ರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಆ ಹಾಡು ಬಿಟ್ಟರೆ ಅವನಿಗೆ ಬೇರೆ ಏನಿತ್ತು?

ಆಗ ಕಂಡಿಕೆ ಸುತ್ತುವ ಹೆಂಗಸು ಎದ್ದು ನಿಂತಳು. "ಆತು ಬಿಡ್ರಿ ಮಾವಾ! ನೀವು ಸಾವಕಾಶ ಉಸಿರು ತೊಗೋರಿ. ನಮಗೇನು ಸಂತಿಗೆ ಹೊತ್ತಾಗೇತೇನು? ಅವತ್ತು ಕೆರಿ ದಂಡಿ ಮ್ಯಾಲೆ ನೀವು ನಮಗ ಕಾಯ್ಲಿಲ್ಲೇನು?"

ಮುಂದಿನ ಭಾನುವಾರ 'ಬಂದು' ಎಂಬಲ್ಲಿ ಎಲ್ಲರೂ ನಿಂತರು. ಅವನು ಉಸಿರು ಎಳೆದುಕೊಂಡ. ಆಮೇಲೆ ಎಲ್ಲರೂ ಕೂಡಿ 'ಕುಳಿತವನೆ' ಎಂದರು. ವಾರ ವಾರವೂ ಹಾಗೆಯೇ ನಡೆಯಿತು. ಆ ನಿಂತ ಹೊತ್ತಿನಲ್ಲಿ ಗೋಡೆಯಾಚೆ ಅಣ್ಣನ ಲಾಳಿ ಓಡುವ ಸದ್ದು ಕೇಳುತ್ತಿತ್ತು.

ಆರು ವರ್ಷದ ಮೇಲೆ ನೇಕಾರ ತೀರಿಕೊಂಡ. ಮಣ್ಣು ಮಾಡಿದ ಮೂರನೆಯ ದಿನ ಭಾನುವಾರ. ಮುಂದೆ ನಿಲ್ಲಲು ಯಾರಿಗೂ ಮನಸ್ಸಾಗಲಿಲ್ಲ. ಪುಸ್ತಕ ಬೆಂಚಿನ ಮೇಲೆ ಮುಚ್ಚಿಯೇ ಇತ್ತು. ಬಾಯಿಪಾಠವಾಗಿದ್ದ ಹಾಡನ್ನು ಕುಳಿತಲ್ಲೇ ಹಾಡಿದರು. 'ಬಂದು' ಎಂಬ ಮಾತು ಬಂತು. ನಿಲ್ಲಿರಿ ಎಂದು ಯಾರೂ ಹೇಳಲಿಲ್ಲ. ಅಷ್ಟೂ ಜನ ನಿಂತರು.

ಇಲ್ಲಿಗೆ ಬರುವಾಗ ಅಯ್ಯನವರು ಕೈಮುಗಿದರು. "ಎಂಥ ಮೌನ ಅದು, ದೇವರೇ! ಗೋಡೆಯಾಚೆ ಲಾಳಿಯ ಸದ್ದೂ ಇರಲಿಲ್ಲ. ಅಣ್ಣನ ಮಗ್ಗವೂ ನಿಂತಿತ್ತು."



"ಆಮೇಲೆ ಮಕ್ಕಳು ಹುಟ್ಟಿದರು" ಎಂದು ಅಯ್ಯನವರು ಮುಂದುವರಿಸಿದರು. "ಹಾಡು ಇರುವುದೇ ಹೀಗೆ ಎಂದುಕೊಂಡು ಕಲಿತರು. ಅವರ ಮಕ್ಕಳೂ ಕಲಿತರು. ಕಾರಣ ಬಲ್ಲವರು ಒಬ್ಬೊಬ್ಬರಾಗಿ ಹೋದರು. ಕಂಡಿಕೆ ಸುತ್ತುತ್ತಿದ್ದವಳು ನನ್ನ ಅಜ್ಜಿ. ನನಗೆ ಹೇಳಿ ಅವಳೂ ಹೋದಳು. ನಾನೋ, ಎಲ್ಲರಿಗೂ ಗೊತ್ತೇ ಇದೆ ಎಂದುಕೊಂಡು ಸುಮ್ಮನಿದ್ದೆ. ದಡ್ಡ ನಾನು."

ದೇವಮಿತ್ರ ಕೈಯಲ್ಲಿದ್ದ ಖಾಲಿ ಕಾಗದ ನೋಡಿದ. ಓದಿ ಬಂದವನಲ್ಲವೇ, ಮೆಲ್ಲಗೆ ಕೇಳಿಯೇಬಿಟ್ಟ: "ಅಯ್ಯನವರೇ, ಇದಕ್ಕೆ ದಾಖಲೆ?"

"ಆ ಚರಣ ಹಾಡು ನೋಡೋಣ" ಎಂದರು ಅವರು. "ನೀನು ತಿದ್ದಿದ್ದೀಯಲ್ಲ, ಹಾಗೆಯೇ ಹಾಡು."

ದೇವಮಿತ್ರ ಗಂಟಲು ಸರಿಮಾಡಿಕೊಂಡ. ಒಂದು ತಿಂಗಳಿಂದ ಸಭೆಯವರಿಗೆ ಕಲಿಸಿದ್ದನ್ನು ನೆನೆದು, ತಾಳ ಹಾಕುತ್ತ ಹಾಡಿದ. 'ಬಿದ್ದವನ ಬಳಿ ಬಂದು' ಎಂದ. ತಾಳ ಹಾಕುತ್ತಿದ್ದ ಕೈ ತೊಡೆಯ ಮೇಲೆ ನಿಂತುಹೋಯಿತು. ದನಿಯೂ ನಿಂತಿತು. ಅವನು ನಿಲ್ಲಬೇಕೆಂದು ನಿಂತದ್ದಲ್ಲ. ಎದುರಿಗೆ ಅಯ್ಯನವರೂ ಉಸಿರು ಹಿಡಿದು ಕುಳಿತಿದ್ದರು. ಒಬ್ಬ ಮುದುಕ ಒಮ್ಮೆ ಉಸಿರೆಳೆದುಕೊಳ್ಳುವಷ್ಟು ಹೊತ್ತು ಕಳೆಯಿತು. ಆಮೇಲೆ ಇಬ್ಬರೂ ಒಟ್ಟಿಗೆ 'ಕುಳಿತವನೆ' ಎಂದರು.

ಅಯ್ಯನವರು ಮಂಜುಗಣ್ಣನ್ನು ಅವನ ಕಡೆಗೆ ತಿರುಗಿಸಿದರು.

"ಈಗ ಯಾರಿಗೆ ಕಾದೆಯಪ್ಪಾ?"