ಶಿಫಾರಸಿನ ಪಿನ್ನು

ನಮ್ಮೂರ ರೈಲು ಮ್ಯೂಸಿಯಂನವರು ಬಟ್ಟೆಗೆ ಚುಚ್ಚಿಕೊಳ್ಳುವ, ಉಗಿ ಎಂಜಿನ್ನಿನ ಚಿತ್ರವಿರುವ ಪಿನ್ನುಗಳನ್ನು ಮಾಡಿಸಿದ್ದರು. ಒಂದೊಂದಕ್ಕೂ ನಂಬರು ಹಾಕಿತ್ತು, ಇದ್ದದ್ದು ಐವತ್ತೇ. ಕೊಳ್ಳಲು ಬಂದವರು ಮುನ್ನೂರು ಜನ. ಹಾಗಾಗಿ ಎಲ್ಲರಿಂದ ಚೀಟಿ ಹಾಕಿಸಿ, ಹೆಸರು ಬಂದವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು.

ಪಿನ್ನು ಸಂಗ್ರಹದಲ್ಲಿ ದೊಡ್ಡ ಹೆಸರು ಮಾಡಿದ್ದ ಕಂಟ್ರ್ಯಾಕ್ಟರ್ ಚನ್ನವೀರಪ್ಪನವರು ಸಾಲು ಬಿಟ್ಟು ನೇರ ಕೌಂಟರಿಗೆ ಬಂದರು. ಅಲ್ಲಿ ಗುಮಾಸ್ತೆ ಕಮಲಾಕ್ಷಿ ಕೂತಿದ್ದಳು.

"ಚೀಟಿಗೀಟಿ ಎಲ್ಲ ನನಗೆ ಬೇಡ. ನಿಮ್ಮ ಅಧ್ಯಕ್ಷರ ಕಾಗದ ತಂದಿದ್ದೀನಿ. ಒಂದನೇ ನಂಬರಿನ ಪಿನ್ನು ಕೊಡು. ಇಲ್ಲದಿದ್ರೆ ನಾಳೆ ಈ ಕುರ್ಚೀಲಿ ನೀನಿರಲ್ಲ."

ಕಮಲಾಕ್ಷಿ ಕಾಗದ ಓದಿದಳು. "ಆಗಲಿ ಸಾರ್," ಎಂದು ಪಿನ್ನು ಮುಂದಿಟ್ಟಳು. ಪ್ರತಿ ಪಿನ್ನಿಗೂ ಒಂದು ಪ್ರಮಾಣಪತ್ರವಿತ್ತು. ಅದನ್ನು ತುಂಬಿ, ಮೊಹರು ಒತ್ತಿ, ಸಾಲಿಗೆಲ್ಲ ಕೇಳುವಂತೆ ಓದಿದಳು: "ಈ ಪಿನ್ನು ಶ್ರೀ ಚನ್ನವೀರಪ್ಪನವರಿಗೆ ಚೀಟಿಯಿಂದಲ್ಲ, ಅಧ್ಯಕ್ಷರ ಶಿಫಾರಸಿನಿಂದ ದೊರೆತಿದೆ."

"ಇದನ್ನೆಲ್ಲ ಯಾಕೆ ಬರೆದೆ?"

"ನೋಡಿದವರು ನಿಮ್ಮನ್ನ ಅದೃಷ್ಟವಂತರು ಅಂತ ತಪ್ಪು ತಿಳೀಬಾರದಲ್ಲ ಸಾರ್. ಪತ್ರ ಜೋಪಾನ. ಅದಿಲ್ಲದಿದ್ರೆ ಪಿನ್ನು ಅಸಲಿ ಅಂತ ಯಾರೂ ಒಪ್ಪಲ್ಲ."

ಸಾಲಿನವರು ಗೊಳ್ಳೆಂದು ನಕ್ಕರು. ಚನ್ನವೀರಪ್ಪನವರ ಮುಖ ಕೆಂಪಾಯಿತು. ಪತ್ರವನ್ನು ಹರಿದು ಹಾಕಿ ಪಿನ್ನನ್ನು ಹಿಂದಕ್ಕೆ ತಳ್ಳಿದರು.

"ನನಗೂ ಒಂದು ಚೀಟಿ ಕೊಡಿ," ಎಂದರು.

"ಕೊಡ್ತೀನಿ ಸಾರ್. ಸಾಲಿನ ಕೊನೆ ಗೇಟಿನ ಹತ್ತಿರ ಇದೆ."

ಬಿಸಿಲಲ್ಲಿ ಒಂದು ಗಂಟೆ ನಿಂತು ಅವರೂ ಚೀಟಿ ಹಾಕಿದರು. ಅವರ ಹೆಸರು ಬರಲಿಲ್ಲ. ಒಂದನೇ ನಂಬರು ಬಂದದ್ದು ಶಾಲೆಯಲ್ಲಿ ಬಿಸಿಯೂಟ ಮಾಡುವ ನೀಲವ್ವನಿಗೆ. ಆಕೆ ಅದನ್ನು ಅಲ್ಲೇ ಸೆರಗಿಗೆ ಚುಚ್ಚಿಕೊಂಡು, ಚನ್ನವೀರಪ್ಪನವರ ಮುಂದೆಯೇ ನಿಧಾನವಾಗಿ ನಡೆದುಹೋದಳು.