ನಲವತ್ತಮೂರು ಹೊಸ ಪ್ರಶ್ನೆಗಳು

ಹೊಳೆಯ ದಂಡೆಯ ಆಶ್ರಮದಲ್ಲಿ ಕರಿಬಸಯ್ಯನವರು ಯಾರನ್ನಾದರೂ ಬೈದದ್ದನ್ನು ಕಂಡವರಿಲ್ಲ. ಕೂತು ಪಾಠ ಹೇಳಿದ್ದನ್ನು ಕಂಡವರೂ ಇಲ್ಲ. ಆದರೂ ಅವರ ಬಳಿ ಬಂದವರು ಕಲಿಯದೆ ಹೋಗಲಿಲ್ಲ. ಅದು ಹೇಗೆ ಎಂದು ಕೇಳಿದವರಿಗೆ ನಾನು ಅವರ ಶಿಷ್ಯ ಚನ್ನವೀರನ ಸುದ್ದಿ ಹೇಳುತ್ತೇನೆ.

ಆಶ್ರಮದಲ್ಲೊಂದು ಹಳೆಯ ಕಂಪ್ಯೂಟರ್ ಇತ್ತು. ಹೊಳೆಗೆ ಇಳಿಸಿದ ಕೊಳವೆಯೊಳಗೆ ಒಂದು ತೇಲುಗುಂಡು. ನೀರು ಏರಿ ಗುಂಡು ಮೇಲೆ ಬಂದರೆ ಕಂಪ್ಯೂಟರಿಗೆ ಸುದ್ದಿ ಮುಟ್ಟುತ್ತಿತ್ತು, ಅದು ಸೈರನ್ ಕೂಗಿಸುತ್ತಿತ್ತು.

ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುವವರು ಆ ಕೂಗನ್ನು ನಂಬಿಯೇ ಬಳ್ಳಿಗಳ ನಡುವೆ ಬಗ್ಗಿ ಕೆಲಸ ಮಾಡುತ್ತಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಯಾವ ಹೊತ್ತಿಗೆ ಬಂದೀತು ಎಂದು ಹೇಳುವಂತಿರಲಿಲ್ಲ.

ಕಂಪ್ಯೂಟರಿನ ಕರ್ನಲ್ ಹಳೆಯದಾಗಿತ್ತು. ಕರ್ನಲ್ ಅಂದರೆ ಎಲ್ಲದರ ಕೆಳಗೆ ಕೂತು ಯಂತ್ರವನ್ನು ನಡೆಸುವ ತಿರುಳು. ಹೊಸದನ್ನು ಕಟ್ಟುವ ಮುಂಚೆ ಅದು ಸಾವಿರಾರು ಪ್ರಶ್ನೆ ಕೇಳುತ್ತದೆ: ಇದು ಬೇಕೋ ಬೇಡವೋ, ಅದು ಬೇಕೋ ಬೇಡವೋ.

ಕರಿಬಸಯ್ಯನವರ ಗುರುಗಳು ಹಿಂದೆ ಅಂಥ ಎಂಟು ಸಾವಿರ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರು. ಅವೆಲ್ಲ ಒಂದು ಫೈಲಿನಲ್ಲಿದ್ದವು. ಆ ಫೈಲನ್ನು ಮುಂದಿಟ್ಟರೆ ಹೊಸ ಕರ್ನಲ್ ತನ್ನಲ್ಲಿ ಹೊಸದಾಗಿ ಸೇರಿದ್ದನ್ನಷ್ಟೇ ಕೇಳುತ್ತದೆ.

"ಈ ಸಲ ನೀ ಮಾಡು," ಎಂದರು ಕರಿಬಸಯ್ಯನವರು. "ಸರಿ ಆತಂದ್ರ ಇನ್ ಮ್ಯಾಲೆ ಯಂತ್ರ ನಿನ್ನ ಕೈಯಾಗ."

ಚನ್ನವೀರ ಮೂರು ವರ್ಷದಿಂದ ಕಾದದ್ದು ಈ ಮಾತಿಗೇ. ಬೆಳಿಗ್ಗೆ ಬೇಗ ಕೂತ. ಸೂರ್ಯ ನೆತ್ತಿಗೆ ಬರುವ ಮೊದಲೇ ಎದ್ದು ಬಂದ.

"ಮುಗೀತ್ರಿ ಅಜ್ಜಾರ. ಹೊಸಾ ಕರ್ನಲ್ ನಡ್ಯಾಕತ್ತೈತಿ."

"ಇಷ್ಟ್ ಲಗೂ?"

"ನಿಮ್ಮ ಗುರುಗಳ ಫೈಲ್ ಇತ್ತಲ್ರಿ. ಒಂದ್ ಅಕ್ಷರನೂ ಮುಟ್ಟಿಲ್ರಿ ನಾ. ಜಾಗಾ ಸಾಲ್ಲಿಲ್ಲಂತ ಹಳೇ ಕರ್ನಲ್ ತಗದು ಹಾಕಿದ್ನಿ."

"ಹೊಸಾ ಪ್ರಶ್ನಿ ಎಷ್ಟ್ ಕೇಳ್ತು?"

"ನಲವತ್ಮೂರ್ರಿ."

"ಏನೇನ್ ಕೇಳ್ತು?"

ಚನ್ನವೀರ ನೆಲ ನೋಡಿದ.

"ಎಲ್ಲಾಕ್ಕೂ ಎಂಟರ್ ಒತ್ತಿದ್ನಿರಿ."

ಉತ್ತರ ಹೇಳದೆ ಎಂಟರ್ ಒತ್ತಿದರೆ ಯಂತ್ರ ತನಗೆ ತೋಚಿದ್ದನ್ನು ಬರೆದುಕೊಳ್ಳುತ್ತದೆ. ಅದು ಕರಿಬಸಯ್ಯನವರಿಗೂ ಗೊತ್ತಿತ್ತು, ಚನ್ನವೀರನಿಗೂ ಗೊತ್ತಿತ್ತು.

ಬೇರೆ ಗುರುಗಳಾಗಿದ್ದರೆ ಅಲ್ಲೇ ಜಾಡಿಸುತ್ತಿದ್ದರು. ಇವರು ಪೂಜೆಯ ಜಾಗಟೆ ತೆಗೆದುಕೊಂಡು ಹೊಳೆಯ ಕಡೆ ನಡೆದರು.

"ಜಾಗಟಿ ಯಾಕ್ರಿ?"

"ಹೋಗಿ ತೇಲುಗುಂಡು ಎತ್ತು."

ಚನ್ನವೀರ ಕೊಳವೆಗೆ ಕೈ ಹಾಕಿ ಗುಂಡನ್ನು ಎತ್ತಿ ಹಿಡಿದ. ಸೈರನ್ ಕೂಗಲಿಲ್ಲ. ಇನ್ನೊಮ್ಮೆ ಎತ್ತಿದ. ಕೂಗಲಿಲ್ಲ.

ಕೆಳಗೆ ಮರಳಿನಲ್ಲಿ ಹದಿನೈದಿಪ್ಪತ್ತು ಜನ ಬಗ್ಗಿ ಕಳೆ ಕೀಳುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

"ನೀ ಒಳಗ ಹೋಗು," ಎಂದರು ಕರಿಬಸಯ್ಯನವರು, ಬಿಸಿಲಲ್ಲಿ ನಿಂತು ನೀರಿನ ಮೇಲೆ ಕಣ್ಣಿಟ್ಟು. "ನೀರು ಬಂದ್ರ ಜಾಗಟಿ ಬಾರಿಸಾಕ ನಾ ಇಲ್ಲಿ ಅದೀನಿ."

ಅವನು ಓಡಿದ. ಹಳೆಯ ಫೈಲು, ಹೊಸ ಫೈಲು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ. ತೇಲುಗುಂಡಿನ ತಂತಿ ಬಂದು ಸೇರುವುದು ಒಂಬತ್ತು ಪಿನ್ನಿನ ಹಳೆಯ ಪೋರ್ಟಿಗೆ. ಹಳೆಯ ಫೈಲಿನಲ್ಲಿ ಅದಕ್ಕೆ 'ಬೇಕು' ಎಂದಿತ್ತು. ಹೊಸದರಲ್ಲಿ ಆ ಸಾಲೇ ಇರಲಿಲ್ಲ.

ಹುಡುಕಿದ. ಹದಿನೇಳನೆಯ ಹೊಸ ಪ್ರಶ್ನೆ ಹೀಗಿತ್ತು: ಹಳೆಯ ಕಾಲದ ಪೋರ್ಟುಗಳು ಬೇಕೇ? ಅವನು ಎಂಟರ್ ಒತ್ತಿದ್ದ. ಯಂತ್ರ 'ಬೇಡ' ಎಂದು ಬರೆದುಕೊಂಡಿತ್ತು. ಅದರ ಕೆಳಗೆ ಸೇರಿದ್ದ ಹಳೆಯ 'ಬೇಕು'ಗಳೆಲ್ಲ ಸದ್ದಿಲ್ಲದೆ ಬಿದ್ದುಹೋಗಿದ್ದವು.

ಅದೊಂದನ್ನು ಸರಿಪಡಿಸಿ ಎದ್ದುಬಿಡಬಹುದಿತ್ತು. ಕೈ ಕೀಲಿಮಣೆಯ ಮೇಲೆ ಹೋಗಿಯೂ ಇತ್ತು. ಆದರೆ ಕಿಟಕಿಯಾಚೆ ಕರಿಬಸಯ್ಯನವರು ಕಾಣುತ್ತಿದ್ದರು. ಎಪ್ಪತ್ತು ದಾಟಿದ ಮುದುಕರು, ತಲೆಯ ಮೇಲೆ ಒದ್ದೆ ವಲ್ಲಿವಸ್ತ್ರ, ಕೈಯಲ್ಲಿ ಜಾಗಟೆ. ಇದನ್ನು ಹೇಳುವಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಚನ್ನವೀರ ಮೊದಲನೆಯ ಪ್ರಶ್ನೆಯಿಂದ ಶುರುಮಾಡಿದ. ಒಂದೊಂದನ್ನೂ ಓದಿದ. ತಿಳಿಯದಿದ್ದಾಗ ಎದ್ದು ಹೋಗಿ ಯಂತ್ರದ ಬೆನ್ನು ನೋಡಿದ, ತಂತಿ ಹಿಡಿದು ಕೊನೆಯವರೆಗೆ ನಡೆದ. ಒಮ್ಮೆ ಹೊರಗೆ ಬಂದು ಕರಿಬಸಯ್ಯನವರನ್ನೇ ಕೇಳಿದ.

"ಅಜ್ಜಾರ, ಇಪ್ಪತ್ತೊಂಬತ್ತನೇದಕ್ಕ ಏನಂತ ಹೇಳ್ಲಿ?"

"ನನಗೂ ಗೊತ್ತಿಲ್ಲಪಾ," ಎಂದರು ಅವರು, ನೀರಿನಿಂದ ಕಣ್ಣು ತೆಗೆಯದೆ. "ಈ ಪ್ರಶ್ನಿ ನನ್ನ ಕಾಲದಾಗ ಇರಲಿಲ್ಲ."

ಅವನು ಒಳಗೆ ಹೋಗಿ ಇನ್ನೊಂದು ತಾಸು ಅದರ ಮುಂದೆ ಕೂತ.

ಹೊಸ ಕರ್ನಲ್ ಕಟ್ಟಿ ಮುಗಿದಾಗ ಹೊತ್ತು ಇಳಿಯುತ್ತಿತ್ತು. ಚನ್ನವೀರ ಹೋಗಿ ತೇಲುಗುಂಡು ಎತ್ತಿದ.

ಸೈರನ್ ಕೂಗಿತು.

ಮರಳಿನಲ್ಲಿದ್ದವರು ಬುಟ್ಟಿ ಬಿಟ್ಟು, ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡು, ಬಿದ್ದಂಬೀಳ ದಂಡೆ ಹತ್ತಿದರು. ಎಲ್ಲರಿಗಿಂತ ಮುಂದೆ ಬಂದ ಹೊನ್ನವ್ವ ಹೊಳೆಯನ್ನೊಮ್ಮೆ, ಗುರುಗಳನ್ನೊಮ್ಮೆ ನೋಡಿದಳು.

"ನೀರು ಎಲ್ಲಿ ಅದಾವ್ರಿ ಅಜ್ಜಾರ? ಸುಮ್‌ಸುಮ್ನ ಓಡಿಸಿದ್ರಲ್ಲ!"

"ತಪ್ಪಾತವ್ವಾ," ಎಂದು ಕರಿಬಸಯ್ಯನವರು ಕೈಮುಗಿದರು. ಅವಳು ಗೊಣಗುತ್ತ, ನಗುತ್ತ ಮತ್ತೆ ಕೆಳಗಿಳಿದಳು.

ಚನ್ನವೀರ ಗುರುಗಳ ಕಾಲು ಹಿಡಿದ. ಆ ಕಾಲು ಕಾದ ನೆಲಕ್ಕೆ ಸುಟ್ಟು ಕೆಂಪಾಗಿತ್ತು.

"ಯಂತ್ರ ನನ್ನ ಕೈಯಾಗ ಕೊಡಬ್ಯಾಡ್ರಿ ಅಜ್ಜಾರ. ನಲವತ್ಮೂರು ಪ್ರಶ್ನಿಗೆ ಇಡೀ ದಿನ ತಗೊಂಡೆ. ನಿಮ್ಮ ಗುರುಗಳು ಎಂಟು ಸಾವಿರಕ್ಕ ಉತ್ತರಾ ಕೊಟ್ಟಾರ."

ಕರಿಬಸಯ್ಯನವರು ಅವನ ಭುಜ ಹಿಡಿದು ಎಬ್ಬಿಸಿದರು.

"ಅವರು ಎಂಟು ಸಾವಿರಕ್ಕ ಯಾಕ ಉತ್ತರಾ ಕೊಟ್ಟು ಹೋದ್ರಂತೀ? ಉಳಿದ ನಲವತ್ಮೂರರ ಮುಂದ ನೀ ಸಾವಕಾಶ ಕುಂಡ್ರಬೇಕು ಅಂತ."