ಮಾತಿನ ದಾರದ ಕರಾರು

“ಗುರುಗಳೇ, ಮೌನ ಸಮ್ಮತಿಯ ಲಕ್ಷಣ ಎನ್ನುತ್ತಾರೆ. ವ್ಯಾಪಾರದ ಕರಾರಿಗೂ ಈ ಮಾತು ಸಲ್ಲುತ್ತದೆಯೇ?” ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಕಣ್ಣು ಮುಚ್ಚಿ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಅವನು ಮಂಜನ್ನು ನೂತು ದಾರ ಮಾಡಿ ಮನೆಯಿಂದ ಮನೆಗೆ, ಊರಿಂದ ಊರಿಗೆ ಕಟ್ಟುತ್ತಿದ್ದ. ದಾರದ ತುದಿಯನ್ನು ಕಿವಿಗಿಟ್ಟರೆ ದೂರದವರ ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳುತ್ತಿತ್ತು. ಅದೇ ಊರಿನ ಕುಂಬಾರಗಿತ್ತಿಗೆ ಒಬ್ಬಳೇ ಮಗಳು; ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದಳು. ಮಗಳು ತುಂಬಿದ ಬಸುರಿ. “ನೋವು ಬಂದಾಗ ಕೂಗು, ಓಡಿ ಬರುತ್ತೇನೆ” ಎಂದು ಮಾತು ಕೊಟ್ಟು ತಾಯಿ ದಾರ ಕಟ್ಟಿಸಿಕೊಂಡಳು. ನಿಮ್ಮಿಬ್ಬರ ಮಾತಲ್ಲದೆ ಇದರಲ್ಲಿ ಬೇರೇನೂ ಹಾಯದು ಎಂದು ವರ್ತಕನೂ ಮಾತು ಕೊಟ್ಟ.

ದಿನವೂ ಸಂಜೆ ತಾಯಿ ತಿಗರಿ ನಿಲ್ಲಿಸಿ ಅರೆಗಣ್ಣಿನಲ್ಲಿ ಕೇಳುತ್ತ ಕೂರುವಳು. ಒಂದು ಸಂಜೆ ಮಗಳ ದನಿಯ ಅಡಿಯಲ್ಲಿ ವರ್ತಕನ ದನಿ ಪಿಸುಗುಟ್ಟಿತು. ಇನ್ನು ದಾರದಲ್ಲಿ ನನ್ನ ಸರಕಿನ ಕೂಗೂ ಬರುತ್ತದೆ, ಬೇಡವಾದರೆ ಈಗಲೇ ಹೇಳಿ ಎಂದಿತು. ಮಗಳು ಆಗ ಹೊಟ್ಟೆಯಲ್ಲಿ ಕೂಸು ಒದ್ದ ಸುದ್ದಿ ಹೇಳುತ್ತಿದ್ದಳು. ಹೆತ್ತ ಕಿವಿಗೆ ಬೇರೆ ದನಿ ಕೇಳಿಸೀತೇ?

ಆಮೇಲೊಂದು ದಿನ “ಅವ್ವಾ” ಎಂಬ ಕರೆ ಬಂತು. ಏಕೆ ಕರೆದಳೆಂದು ತಿಳಿಯುವ ಮೊದಲೇ “ಸೀರೆ ಬೇಕೇ ಸೀರೆ” ಎಂಬ ಕೂಗು ದಾರ ತುಂಬಿತು. ಸೀರೆಯಾಯಿತು, ಬಳೆಯಾಯಿತು, ಬೆಲ್ಲವಾಯಿತು. ಈಗ ಮುಗಿದೀತು, ಈಗ ಮುಗಿದೀತು ಎಂದು ತಾಯಿ ಕಾದಳು. ಮುಗಿದಾಗ ಆ ಕಡೆ ಸದ್ದಿರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಹೊಳೆ ದಾಟಿ ಹೋದಳು. ಕೂಸು ಹುಟ್ಟಿಯಾಗಿತ್ತು. ಕೈ ಹಿಡಿಯುವವರಿಲ್ಲದೆ ಒಬ್ಬಳೇ ಹೆತ್ತ ಮಗಳು “ಎಷ್ಟು ಕೂಗಿದೆ ಅವ್ವಾ” ಎಂದು ಗೋಡೆಯ ಕಡೆ ತಿರುಗಿದಳು.

ಅವಳು ವರ್ತಕನ ಬಾಗಿಲಿಗೆ ಹೋದಳು. ಅವನೋ, ಬೆಣ್ಣೆಯಲ್ಲಿ ಕೂದಲು ತೆಗೆಯುವಂಥ ಮಾತಿನವನು. “ತಾಯೀ, ನಾನು ಕೇಳಿಯೇ ಮಾಡಿದ್ದು. ನೀವು ಸುಮ್ಮನಿದ್ದಿರಿ; ಒಪ್ಪಿದಿರಿ ಅಂದುಕೊಂಡೆ” ಎಂದ.

“ಮಗಳ ಮಾತು ಕೇಳುತ್ತಿದ್ದೆನಪ್ಪ, ಅದಕ್ಕೆ ಸುಮ್ಮನಿದ್ದೆ” ಎಂದಳು ಅವಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಂಗಯ್ಯನಿಗೆ ಆ ತಾಯಿಯ ಮೇಲೆ ಮರುಕ ಬಂತು. ಆದರೂ ವರ್ತಕನ ನ್ಯಾಯ ತಲೆಯಿಂದ ಹೋಗಲಿಲ್ಲ. “ಅವನು ಕೇಳಿದ್ದಂತೂ ನಿಜ. ಇವಳು ಬೇಡ ಎನ್ನಬಹುದಿತ್ತಲ್ಲ?” ಎಂದ.

“ನಾನು ಕತೆ ಹೇಳುವಷ್ಟು ಹೊತ್ತೂ ನೀನು ತುಟಿಪಿಟಕ್ಕೆನ್ನಲಿಲ್ಲವಲ್ಲ ಸಂಗಯ್ಯ, ಯಾವುದಕ್ಕೆ ಒಪ್ಪಿಕೊಂಡೆ?” ಎಂದರು ಗುರುಗಳು.